ಬಚ್ಚಮ್ಮನ ನಡಿಗೆಯೂ ತಿಮ್ಮಪ್ಪನ ಮುಡಿಪೂ

ಸುಗಟೂರಿನ ಬಚ್ಚಮ್ಮ ಬಸ್ಸು ಹತ್ತುತ್ತಿರಲಿಲ್ಲ. ಹತ್ತಿದ್ದು ಬದುಕಿನಲ್ಲಿ ಒಂದೇ ಸಲ, ಮದುವೆಯಾಗಿ ತವರಾದ ತಾಯಲೂರಿನಿಂದ ಗಂಡನ ಮನೆಗೆ ಹೊರಟ ದಿನ. ಬಸ್ಸು ಕೋಲಾರ ಮುಟ್ಟುವ ಮೊದಲೇ ಆಕೆಯ ಹೊಟ್ಟೆಯಲ್ಲಿದ್ದ ಮದುವೆಯೂಟವೆಲ್ಲ ಅತ್ತೆಯ ಧರ್ಮಾವರದ ಸೀರೆಯ ಮಡಿಲು ಸೇರಿತು. ಅತ್ತೆ ಅಲ್ಲೇ ಬಸ್ಸು ನಿಲ್ಲಿಸಿ ಸೊಸೆಯನ್ನು ಇಳಿಸಿದರು. ಮದುಮಗಳು ಬಾಸಿಂಗದ ಸಮೇತ ಉಳಿದ ದಾರಿಯನ್ನು ನಡೆದು, ದಾರಿಯಲ್ಲಿ ಕೆಟ್ಟು ನಿಂತ ಬಸ್ಸನ್ನು ಹಿಂದೆ ಹಾಕಿ, ದಿಬ್ಬಣಕ್ಕಿಂತ ಮೊದಲು ಗಂಡನ ಮನೆಯ ಹೊಸಿಲಲ್ಲಿ ನಿಂತಿದ್ದಳು. ಆರತಿ ಎತ್ತುವವರು ಇನ್ನೂ ಬಸ್ಸಿನಲ್ಲಿದ್ದರು.

ಅಂದಿನಿಂದ ಆಕೆಗೆ ಕಾಲೇ ವಾಹನ. ಸಂತೆಗೂ ಕಾಲು, ಸಾವಿಗೂ ಕಾಲು. ದಾರಿಯಲ್ಲಿ ಕಂಡರೆ ಕಂಡಕ್ಟರುಗಳು ಬಾಗಿಲಲ್ಲಿ ನೇತಾಡಿಕೊಂಡು, "ಬಚ್ಚಕ್ಕ, ಬರ್ತೀಯಾ?" ಎಂದು ಕೆಣಕುತ್ತಿದ್ದರು. ಬಚ್ಚಮ್ಮ ಮಾತಾಡುತ್ತಿರಲಿಲ್ಲ. ನಡೆಯುವಾಗ ಬಾಯಿ ತೆರೆದರೆ ಉಸಿರು ಸೋರುತ್ತದೆ ಎಂಬುದು ಆಕೆಯ ಸಿದ್ಧಾಂತ. ಸುಮ್ಮನೆ ಅಂಗೈಯನ್ನು ಬಾಯಿಗೆ ಅಡ್ಡ ಇಟ್ಟು ವಾಂತಿಯ ಸನ್ನೆ ಮಾಡುತ್ತಿದ್ದಳು. ಒಳಗಿದ್ದವರೆಲ್ಲ ಒಟ್ಟಿಗೆ, "ಬೇಡಪ್ಪ, ರೈಟ್ ಹೇಳು," ಎನ್ನುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಬಚ್ಚಮ್ಮ ಊರ ಶಾಲೆಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಮಾಡುತ್ತಿದ್ದಳು. ಗೋಧಿ ರವೆ, ಎಣ್ಣೆ, ಹಾಲಿನ ಪುಡಿ ಎಲ್ಲ ಕಡಲಾಚೆಯಿಂದ ಬರುತ್ತಿತ್ತು. ಮೂಟೆಯ ಮೇಲೆ ಎರಡು ಕೈ ಒಂದನ್ನೊಂದು ಹಿಡಿದುಕೊಂಡ ಚಿತ್ರವಿರುತ್ತಿತ್ತು. ಕೋಲಾರದಿಂದ ಮೂಟೆ ತರುವ ಎತ್ತಿನ ಗಾಡಿಯ ಪಕ್ಕದಲ್ಲೇ ಆಕೆ ನಡೆದು ಬರುತ್ತಿದ್ದಳು. ಅಂಥ ಒಂದು ಮೂಟೆಯ ಬಟ್ಟೆಯನ್ನು ಒಗೆದು ಜೋಳಿಗೆ ಹೊಲಿದುಕೊಂಡಿದ್ದಳು. ಹಿಡಿದ ಕೈಗಳೆರಡೂ ಮಾಸಿ ಮಸುಕಾದರೂ ಬಿಟ್ಟುಕೊಂಡಿರಲಿಲ್ಲ.

ಆ ಶಾಲೆಯ ಹೆಡ್ ಮೇಷ್ಟ್ರು ವೆಂಕಟರಾಯಪ್ಪನವರು ನಿವೃತ್ತರಾಗಿ ಮಾಲೂರಿನಲ್ಲಿ ನೆಲೆಸಿದ್ದರು. ಸಾವಿರದ ಒಂಬೈನೂರ ಎಂಬತ್ತೈದರ ಬೇಸಿಗೆಯಲ್ಲಿ ಅವರು ಪೇಪರಿನಲ್ಲಿ ಇಥಿಯೋಪಿಯಾದ ಬರಗಾಲದ ಮಕ್ಕಳ ಚಿತ್ರ ನೋಡಿದರು. ಅದೇ ವಾರ 'ಕಡಲಾಚೆಯ ಮಕ್ಕಳ ಸಹಾಯ ಸಮಿತಿ' ಹುಟ್ಟಿತು. ಅವರೇ ಅಧ್ಯಕ್ಷರು, ಅವರೇ ಕಾರ್ಯದರ್ಶಿ. ಸದಸ್ಯೆ, ಹೆಂಡತಿ ಶ್ಯಾಮಲಮ್ಮ. ಹೊರದೇಶಗಳಲ್ಲಿ ಒಬ್ಬರು ದೂರ ನಡೆಯುತ್ತಾರೆ, ಅದನ್ನು ಮೆಚ್ಚಿ ಮಿಕ್ಕವರು ಧರ್ಮಕ್ಕೆ ಹಣ ಕೊಡುತ್ತಾರೆ ಎಂದು ಮೇಷ್ಟ್ರು ಎಲ್ಲೋ ಓದಿದ್ದರು. ಮಾಲೂರಿನ ಇಟ್ಟಿಗೆ ಗೂಡಿನವರ ಮುಂದೆ ಅದನ್ನು ವಿವರಿಸಿದರು.

"ನಡೆದು ಎಲ್ಲಿಗೆ ಹೋಗ್ತಾರೆ ಮೇಷ್ಟ್ರೇ?" ಎಂದು ಒಬ್ಬ ಕೇಳಿದ.

"ಎಲ್ಲಿಗೂ ಇಲ್ಲ. ಇಲ್ಲಿಗೇ ಬರ್ತಾರೆ."

"ಇಲ್ಲಿಗೇ ಬರೋದಾದ್ರೆ ಹೊರಡೋದು ಯಾಕೆ? ಇಲ್ಲೇ ಕೂತಿರಲಿ."

ಮೇಷ್ಟ್ರು ಸೋಲಲಿಲ್ಲ. ಶ್ರೀನಿವಾಸಪುರಕ್ಕೆ ಹೋಗಿ ಮಾವಿನ ಮಂಡಿ ಕೋದಂಡರಾಮಪ್ಪನವರ ಮುಂದೆ ಆ ಚಿತ್ರವಿಟ್ಟರು. ಕೋದಂಡರಾಮಪ್ಪ ಎಂದರೆ ಸಾಮಾನ್ಯರಲ್ಲ. ಗೌನಿಪಲ್ಲಿಯ ಕಡೆ ನಾಲ್ಕು ತೋಪು, ಅಂಬಾಸಿಡರ್ ಕಾರು, ಕಾರಿನಷ್ಟೇ ಅಗಲದ ಮೈ. ಅವರು ಮಂಡಿ ತುಂಬ ಜನ ಇದ್ದಾಗಲೇ ದನಿ ಏರಿಸಿ ಹೇಳಿದರು:

"ಗೌನಿಪಲ್ಲಿಯಿಂದ ಹೊರಟು ಶ್ರೀನಿವಾಸಪುರ, ಮುಳಬಾಗಿಲು, ಕೋಲಾರ ಮುಟ್ಟಿ ಮಾಲೂರು ಸೇರ್ಲಿ. ಬುಧವಾರ ಹೊರಟೋರು ಶನಿವಾರ ಹೊತ್ತು ಮುಳುಗೋದ್ರೊಳಗೆ. ಗಾಡಿ ಹತ್ತಿದ್ರೆ ಇಲ್ಲ. ಒಂದು ಹೆಜ್ಜೆ ಹಿಂದಕ್ಕೆ ಇಟ್ರೂ ಇಲ್ಲ. ಮುಗಿಸಿದ್ರೆ ಈ ವರ್ಷದ ಒಂದು ತೋಪಿನ ಫಸಲು ಆ ಮಕ್ಕಳಿಗೆ."

ಮಂಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸಾವ್ಕಾರ್ರು ಕೊಟ್ಟರೆ ನಾವೂ ಕೊಡ್ತೀವಿ, ಅವರು ಕೊಡದಿದ್ದರೆ ನಾವೂ ಇಲ್ಲ ಎಂದರು. ಹೀಗೆ ಕಡಲಾಚೆಯ ಮಕ್ಕಳ ಪಾಲಿನದೆಲ್ಲ ಒಬ್ಬ ಮನುಷ್ಯನ ಬಾಯಲ್ಲಿ ಸಿಕ್ಕಿಕೊಂಡಿತು.

ಈ ಮನುಷ್ಯನಿಗೂ ನಡಿಗೆಗೂ ಹಳೆಯ ತಕರಾರೊಂದಿತ್ತು. ಹನ್ನೆರಡು ವರ್ಷದ ಹಿಂದೆ ತೋಪಿನ ಬಾವಿಯ ವ್ಯಾಜ್ಯ ಕೋರ್ಟಿನಲ್ಲಿದ್ದಾಗ, ಗೆದ್ದರೆ ತಿರುಪತಿಗೆ ಕಾಲ್ನಡಿಗೆಯಲ್ಲಿ ಬರುತ್ತೇನೆಂದು ಕೋದಂಡರಾಮಪ್ಪ ಹರಕೆ ಹೊತ್ತಿದ್ದರು. ವ್ಯಾಜ್ಯ ಗೆದ್ದರು. ಅಂದಿನಿಂದ ಪ್ರತಿ ವರ್ಷ ಹೊರಡುವ ಹಿಂದಿನ ದಿನ ಸರಿಯಾಗಿ ಮಂಡಿನೋವು ಬರುತ್ತಿತ್ತು. ಮಾವಿನ ಮಂಡಿಯ ಅಟ್ಟ ಹತ್ತುವಾಗ ಮಾತ್ರ ಆ ನೋವು ಇರುತ್ತಿರಲಿಲ್ಲ. ಶ್ರೀನಿವಾಸಪುರದಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಅವರ ಕಿವಿಗೆ ಬೀಳುವಷ್ಟು ಹತ್ತಿರ ನಿಂತು ಯಾರೂ ಹೇಳುತ್ತಿರಲಿಲ್ಲ.

ಮೇಷ್ಟ್ರು ನೇರ ಸುಗಟೂರಿಗೆ ಬಂದರು. ಚಿತ್ರ ನೋಡಿ ಬಚ್ಚಮ್ಮ, "ಇವರಿಗೆ ಉಪ್ಪಿಟ್ಟು ಮಾಡೋರು ಯಾರೂ ಇಲ್ವಾ ಸಾರ್?" ಎಂದಳು.

"ಮಾಡೋರಿದ್ದಾರೆ ಬಚ್ಚಮ್ಮ. ರವೆ ಇಲ್ಲ."

"ನಮ್ ಮಕ್ಕಳಿಗೆ ಅಲ್ಲಿಂದ ತಾನೇ ಬರ್ತಿತ್ತು."

"ಅಲ್ಲಿಂದ ಅಲ್ಲಮ್ಮ. ಅದು ಬೇರೆ ದೇಶ."

"ಕಡಲಾಚೆ ತಾನೇ ಸಾರ್," ಎಂದು ಬಚ್ಚಮ್ಮ ಭೂಗೋಳವನ್ನು ಒಂದೇ ಏಟಿಗೆ ಮುಗಿಸಿ, ಗೂಟದಲ್ಲಿ ನೇತು ಹಾಕಿದ್ದ ಜೋಳಿಗೆ ತೆಗೆದುಕೊಂಡಳು.

ಎಡವಟ್ಟಾದದ್ದು ಹೊರಡುವ ಮುನ್ನ. ಮೇಷ್ಟ್ರು ಬಿಳಿಯ ಪಟ್ಟಿಯೊಂದರ ಮೇಲೆ 'ಕಡಲಾಚೆಯ ಮಕ್ಕಳಿಗಾಗಿ ನಡಿಗೆ' ಎಂದು ನೀಲಿ ಮಸಿಯಲ್ಲಿ ಬರೆದು, ಆಕೆಯ ಹೆಗಲಿಗೆ ಅಡ್ಡವಾಗಿ ಹಾಕಲು ಸಿದ್ಧಪಡಿಸಿದ್ದರು. ಶ್ಯಾಮಲಮ್ಮ ಸುಮ್ಮನೆ ಬಿಡುತ್ತಾರೆಯೇ. "ಹೆಣ್ಣುಮಗಳಿಗೆ ಬಿಳೀ ಬಟ್ಟೆ ಹೊದಿಸಿ ಕಳಿಸ್ತೀರಾ? ಹೋಗೋ ಕೆಲಸ ಒಳ್ಳೇದಾಗೋದು ಬೇಡ್ವಾ?" ಎಂದು ಪಟ್ಟಿಯನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿಬಿಟ್ಟರು. ಅಕ್ಷರ ಮಸುಕಾಯಿತು. ಬುಧವಾರ ಗೌನಿಪಲ್ಲಿಯಿಂದ ಹೊರಟ ಬಚ್ಚಮ್ಮನ ಬೆವರು ಮಧ್ಯಾಹ್ನದೊಳಗೆ ಮಿಕ್ಕ ಮಸಿಯನ್ನೂ ತೊಳೆಯಿತು. ಉಳಿದದ್ದು ಬರೀ ಹಳದಿ.

ಈಗ ನಮ್ಮ ಸೀಮೆಯ ಕಣ್ಣಿನಿಂದ ನೋಡಿ. ಬರಿಗಾಲು, ಹೆಗಲಲ್ಲಿ ಜೋಳಿಗೆ, ಮೈಮೇಲೆ ಅರಿಶಿನದ ಬಟ್ಟೆ, ಬಾಯಲ್ಲಿ ಮಾತಿಲ್ಲ, ಮುಖ ಮುಳಬಾಗಿಲಿನ ಕಡೆಗೆ. ಇಂಥವರನ್ನು ಕಂಡರೆ ಇವರು ಎಲ್ಲಿಗೆ ಹೊರಟಿದ್ದಾರೆಂದು ಮೂರು ವರ್ಷದ ಮಗುವೂ ಹೇಳುತ್ತದೆ. ಮುಳಬಾಗಿಲು ಮುಟ್ಟಿ, ಮೂಡಲಿಗೆ ತಿರುಗಿದರೆ ತಿರುಪತಿ.

ತಿರುಪತಿಗೆ ನಡೆದು ಹೋಗುವವರ ಕೈಗೆ ಊರಿನವರು ಮುಡಿಪು ಕೊಡುತ್ತಾರೆ. ಹರಕೆಯ ಕಾಸನ್ನು ಅರಿಶಿನದ ಚಿಂದಿಯಲ್ಲಿ ಕಟ್ಟಿದ ಪುಟ್ಟ ಗಂಟು ಅದು. ಅದಕ್ಕೆ ಕಟ್ಟಳೆಗಳಿವೆ. ನೆಲಕ್ಕೆ ಇಡಬಾರದು. ನಡೆಯುವವರ ಕೈಗೆ ಕೊಟ್ಟ ಮೇಲೆ ನಡಿಗೆಯಲ್ಲೇ ಬೆಟ್ಟ ಸೇರಬೇಕು, ಬಸ್ಸು ಹತ್ತಬಾರದು. ತೀರಾ ಆಗದಿದ್ದರೆ ನಡೆದು ಹೋಗುವ ಹರಕೆ ಇರುವ ಇನ್ನೊಬ್ಬರ ಕೈಗೆ ದಾಟಿಸಬಹುದು. ಒಮ್ಮೆ ಕೈಗೆ ಬಂದದ್ದನ್ನು ಅವರು ಒಲ್ಲೆ ಎನ್ನುವ ಹಾಗಿಲ್ಲ.

ಬಚ್ಚಮ್ಮನಿಗೆ ಇದೆಲ್ಲ ಗೊತ್ತಿರಲಿಲ್ಲವೆಂದಲ್ಲ. ತನ್ನನ್ನೇ ಹಾಗೆ ತಿಳಿಯುತ್ತಾರೆಂದು ಹೊಳೆಯಲಿಲ್ಲ. ಎದೆಯ ಮೇಲೆ ಅಕ್ಷರವಿದೆ, ಓದಿ ಕೊಡುತ್ತಾರೆ ಎಂಬ ಭರವಸೆ ಓದು ಬಾರದ ಆಕೆಗೆ. ಹೆಂಗಸರು ಮನೆಯಿಂದ ಓಡಿ ಬಂದು, ಕಾಲಿಗೆ ನೀರು ಹಾಕಿ, ಕೆಲವರು ಬಿಡಿ ಕಾಸನ್ನೂ ಕೆಲವರು ಗಂಟುಗಳನ್ನೂ ಜೋಳಿಗೆಗೆ ಹಾಕಿದರು. "ನಮ್ ಹೆಸರು ಹೇಳಿ ಒಪ್ಪಿಸಮ್ಮ," ಎಂದರು. ಬಚ್ಚಮ್ಮ ಬಾಯಿ ತೆರೆಯದೆ ತಲೆಯಾಡಿಸಿದಳು. ಜನ ಎಷ್ಟು ಒಳ್ಳೆಯವರು, ಮಕ್ಕಳ ಕಾಸಿಗೂ ಅರಿಶಿನ ಹಚ್ಚಿದ್ದಾರೆ ಎಂದುಕೊಂಡಳು.

ಹಿಂದೆ ಸೀನಪ್ಪ ಸೈಕಲ್ಲಿನ ಮೇಲೆ ಬರುತ್ತಿದ್ದ. ಈತ ಕೋದಂಡರಾಮಪ್ಪನವರ ತೋಪಿನ ಕಾವಲುಗಾರ. ಆಕೆ ಗಾಡಿ ಹತ್ತದಂತೆ, ಹಿಂದಕ್ಕೆ ಹೆಜ್ಜೆ ಇಡದಂತೆ ನೋಡಿ ವರದಿ ಒಪ್ಪಿಸುವುದು ಅವನ ಕೆಲಸ. ಯಾಗದ ಕುದುರೆ ಮುಂದೆ, ಕಾವಲಿನ ಸೇನೆ ಹಿಂದೆ. ಸೇನೆಯ ಚೈನು ಮಾತ್ರ ಆಗಾಗ ಕಳಚಿಕೊಳ್ಳುತ್ತಿತ್ತು.

ಗುರುವಾರ ನಡು ಹಗಲಲ್ಲಿ ಅಂಬಾಸಿಡರ್ ಕಾರು ಪಕ್ಕದಲ್ಲಿ ನಿಂತಿತು. ಕೋದಂಡರಾಮಪ್ಪ ಬಾಗಿಲು ತೆರೆದು ತಣ್ಣನೆಯ ನಿಂಬೆ ಷರಬತ್ತಿನ ಲೋಟ ತೋರಿಸಿದರು.

"ಬಿಸಿಲು ಜಾಸ್ತಿ ಬಚ್ಚಮ್ಮ. ಒಂಚೂರು ಒಳಗೆ ಕೂತು ಕುಡಿ. ಕಾರು ಓಡಿಸಲ್ಲ."

ಬಚ್ಚಮ್ಮ ನಡೆಯುತ್ತಲೇ ಅಂಗೈಯನ್ನು ಬಾಯಿಗೆ ಅಡ್ಡ ಇಟ್ಟಳು. ಕೋದಂಡರಾಮಪ್ಪ ಸೀಟಿಗೆ ಹೊಸ ಕವರು ಹಾಕಿಸಿದ್ದರು. ಬಾಗಿಲು ದಢಾರನೆ ಮುಚ್ಚಿಕೊಂಡಿತು.

ಅಂದು ಸಂಜೆ ಮುಳಬಾಗಿಲು. ರಾತ್ರಿ ಛತ್ರದಲ್ಲಿ ತಂಗಿ, ಶುಕ್ರವಾರ ಬೆಳಗ್ಗೆ ಬಚ್ಚಮ್ಮ ಕೋಲಾರದ ರಸ್ತೆಗೆ, ಅಂದರೆ ಪಡುವಲಿಗೆ, ತಿರುಗಿದಳು. ಹೂ ಮಾರುವ ಅಕ್ಕಯಮ್ಮ ಎಂಬ ಮುದುಕಿ ಅಡ್ಡ ನಿಂತು ತೆಲುಗು ಬೆರೆಸಿ ಕೇಳಿದಳು.

"ಎಕ್ಕಡಿಕಮ್ಮಾ, ಎಲ್ಲಿಗೆ ಹೋಗ್ತಾ ಇದ್ದೀಯ? ತಿರುಪತಿ ಆ ಕಡೆ ಕದಾ. ನಿನ್ನೆ ಕೊಟ್ಟೆನಲ್ಲಾ ಮುಡಿಪು, ಮಗಳ ಹೆರಿಗೇದು. ದೇವರ ಗಂಟು ಇಟ್ಕೊಂಡು ಕೋಲಾರಕ್ಕೆ ಏನಕ್ಕೆ?"

ಬಚ್ಚಮ್ಮನ ಕಾಲು ಮೂರು ದಿನದಲ್ಲಿ ಮೊದಲ ಸಲ ನಿಂತಲ್ಲೇ ನಿಂತಿತು. ಎದೆಯ ಪಟ್ಟಿ ನೋಡಿಕೊಂಡಳು. ಅಕ್ಷರವಿರಲಿಲ್ಲ. ಜೋಳಿಗೆಗೆ ಕೈ ಹಾಕಿದಳು. ಮುಷ್ಟಿ ತುಂಬ ಅರಿಶಿನದ ಗಂಟು ಬಂದವು.

"ಅಯ್ಯೋ ಅಕ್ಕಯ್ಯ, ನಾನು ತಿರುಪತಿಗೆ ಹೊರಟೋಳಲ್ಲ," ಎಂದಳು.

"ಮತ್ತೆ ಇಸ್ಕೊಂಡೆ?"

ಆಕೆಯ ಗಂಟನ್ನಾದರೂ ಹಿಂದಿರುಗಿಸೋಣವೆಂದರೆ ಎಲ್ಲವೂ ಒಂದೇ ಥರ. ಅಕ್ಕಯಮ್ಮನಿಗೂ ತನ್ನದು ಯಾವುದೆಂದು ತಿಳಿಯಲಿಲ್ಲ. "ಇಸ್ಕೊಂಡಿದ್ದು ಬೆಟ್ಟಕ್ಕೆ ಸೇರ್ಬೇಕಮ್ಮ. ನೀನು ಹೆಂಗಾದ್ರೂ ಮಾಡು. ಇಲ್ದಿದ್ರೆ ನನ್ ಮಗಳಿಗೆ ಏನಾದ್ರೂ ಆದ್ರೆ ನೀನೇ ಹೇಳ್ಬೇಕು," ಎಂದು ಬುಟ್ಟಿ ಎತ್ತಿಕೊಂಡು ಹೊರಟಳು.

ಬಚ್ಚಮ್ಮ ರಸ್ತೆಯ ನಡುವೆ ನಿಂತಳು. ಹಿಂದೆ ತಿರುಪತಿ, ಮುಂದೆ ಮಾಲೂರು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟರೆ ಕಡಲಾಚೆಯ ಮಕ್ಕಳಿಗೆ ಒಂದು ಹಿಡಿ ರವೆ ಇಲ್ಲ. ಮುಂದಕ್ಕೆ ಇಟ್ಟರೆ ತಿಮ್ಮಪ್ಪನ ಮುಡಿಪು ನುಂಗಿದವಳೆಂಬ ಹೆಸರು. ನಮ್ಮ ಕಡೆ ಸಾಲ ನುಂಗಿದವನು ತಲೆಯೆತ್ತಿಕೊಂಡು ತಿರುಗಬಹುದು. ಮುಡಿಪು ನುಂಗಿದವರ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ.

ಸೀನಪ್ಪ ಸೈಕಲ್ಲಿನಿಂದ ಇಳಿದಿದ್ದ. ಮೂರು ದಿನದಲ್ಲಿ ಅವನು 'ಬಚ್ಚಮ್ಮ' ಬಿಟ್ಟು 'ಅಕ್ಕ' ಎನ್ನುವಷ್ಟು ಮೆತ್ತಗಾಗಿದ್ದ.

"ಅಕ್ಕ, ಗೌನಿಪಲ್ಲಿಯಿಂದಲೇ ನೋಡ್ತಿದ್ದೆ. ನಿಂಗೆ ಗೊತ್ತಿದ್ದೇ ಇಸ್ಕೊಳ್ತಿದ್ದೀಯ ಅಂದ್ಕೊಂಡೆ."

"ನಿನ್ ಬಾಯಿಗೇನಾಗಿತ್ತಪ್ಪ?"

"ನೀನೇ ಮಾತಾಡ್ತಿರಲಿಲ್ಲ. ನಾನು ಹೆಂಗೆ ಮಾತಾಡ್ಲಿ?"

ಬಚ್ಚಮ್ಮ ಹೆಗಲ ಪಟ್ಟಿ ಬಿಚ್ಚಿದಳು. ಬಿಡಿ ಕಾಸೆಲ್ಲ ನಡೆಯುವವರ ಕೈಖರ್ಚಿಗೆಂದು ಕೊಟ್ಟದ್ದು, ಅದು ಮಕ್ಕಳಿಗೆ; ಅರಿಶಿನದ ಚಿಂದಿಯಲ್ಲಿ ಕಟ್ಟಿದ್ದೆಲ್ಲ ದೇವರದು. ಕಟ್ಟಳೆಯೇ ಬೇರೆ ಮಾಡಿಟ್ಟಿತ್ತು. ಗಂಟುಗಳನ್ನೆಲ್ಲ ಪಟ್ಟಿಯಲ್ಲಿ ಕಟ್ಟಿ ತಲೆಯ ಮೇಲಿಟ್ಟುಕೊಂಡು ಕೋಲಾರದ ಕಡೆಗೆ ಹೆಜ್ಜೆ ಹಾಕಿದಳು. ಆ ರಸ್ತೆಯಲ್ಲಿ ತಿರುಪತಿಗೆ ಹೋಗುವವರು ಎದುರಿಗೆ ಬರಲೇಬೇಕು. ಒಬ್ಬರು ಸಿಕ್ಕರೆ ಸಾಕು, ಗಂಟು ಅವರ ಕೈಗೆ, ತಾನು ಮಾಲೂರಿಗೆ.

ಮೇ ತಿಂಗಳ ಬಿಸಿಲಿನಲ್ಲಿ ಯಾವ ಭಕ್ತ ಹೊರಡುತ್ತಾನೆ? ಎದುರಿಗೆ ಟೊಮೇಟೊ ಲಾರಿ ಬಂದವು, ಕುರಿಮಂದೆ ಬಂತು, ಛತ್ರಿ ರಿಪೇರಿಯವನೊಬ್ಬ ಬಂದ. ಮಧ್ಯಾಹ್ನ ದೂರದಲ್ಲಿ ಹಳದಿ ಪಂಚೆಯೊಂದು ಕಂಡಿತು. ಬಚ್ಚಮ್ಮ ಓಡಿದಳು. ಹಿಂದೆ ಸೀನಪ್ಪನೂ ಪೆಡಲು ತುಳಿದ. ಹತ್ತಿರ ಹೋದರೆ ಆ ಮನುಷ್ಯನ ತಲೆ ನುಣ್ಣಗೆ ಹೊಳೆಯುತ್ತಿತ್ತು. ಮುಡಿ ಕೊಟ್ಟು, ಬಸ್ಸಿನಲ್ಲಿ ಬಂದಿಳಿದು, ಹೊಲದ ಕಡೆ ಹೊರಟಿದ್ದವನು. ಪಾಪ, ಎರಡೂ ಕೈಯಲ್ಲಿ ಅವರಿಗೆ ಲಡ್ಡು ಪ್ರಸಾದ ಕೊಟ್ಟ. ಬಚ್ಚಮ್ಮ ಲಡ್ಡುವನ್ನು ಕಣ್ಣಿಗೊತ್ತಿಕೊಂಡು ತಿಂದಳು. ಇಷ್ಟು ಖಾರವಾದ ಲಡ್ಡು ಆಕೆ ಜನ್ಮದಲ್ಲಿ ತಿಂದಿರಲಿಲ್ಲ.

ಕೋಲಾರ ಹತ್ತಿರವಾಗುವಾಗ ಇನ್ನೊಂದು ಗಂಡಾಂತರ. ರಸ್ತೆ ಬದಿಯ ಲಾರಿಯೊಂದು ಇದ್ದಕ್ಕಿದ್ದಂತೆ ಹಿಮ್ಮುಖವಾಗಿ ಆಕೆಯತ್ತಲೇ ನುಗ್ಗಿತು. ಯಾರಾದರೂ ಹಿಂದಕ್ಕೆ ಹಾರುತ್ತಾರೆ. ಬಚ್ಚಮ್ಮನ ಕಾಲು ಎದ್ದೇಬಿಟ್ಟಿತ್ತು. ಆಮೇಲೆ ಅದು ಗಾಳಿಯಲ್ಲೇ ಮನಸ್ಸು ಬದಲಿಸಿ, ಆಕೆಯನ್ನು ಪಕ್ಕದ ಕಳ್ಳಿಬೇಲಿಗೆ ಒಯ್ದು ಬಿಸಾಡಿತು. ಎರಡು ಕೈಯೂ ತಲೆಯ ಗಂಟನ್ನು ಬಿಗಿಹಿಡಿದಿದ್ದವು. ಮೈಯೆಲ್ಲ ಮುಳ್ಳು. ಅಂಗಾಲಲ್ಲಿ ನೆಟ್ಟದ್ದೊಂದು ಅರ್ಧ ಮುರಿದು ಒಳಗೇ ಉಳಿಯಿತು.

ಸೀನಪ್ಪ ಸೈಕಲ್ಲು ಬಿಸಾಕಿ ಓಡಿ ಬಂದು, ಮೊದಲು ರಸ್ತೆಯನ್ನು ನೋಡಿ, ಆಮೇಲೆ ಆಕೆಯನ್ನು ನೋಡಿದ.

"ಪಕ್ಕಕ್ಕೆ ಅಂದ್ರೆ ಹಿಂದಕ್ಕಲ್ಲ ಅಕ್ಕ. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

ಆದರೂ ಅವನ ಮುಖ ಸಪ್ಪಗಿತ್ತು. ಕೋಲಾರದ ಬಸ್ ನಿಲ್ದಾಣದ ಬಳಿ ಕೊನೆಗೂ ಬಾಯಿ ಬಿಟ್ಟ. "ಗಂಟಿನ ವಿಷ್ಯ ಸಾವ್ಕಾರ್ರಿಗೆ ಹೇಳಿ ಕಳಿಸ್ಲೇಬೇಕು ಅಕ್ಕ. ಅವರ ಅನ್ನ ಉಂಡಿದ್ದೀನಿ. ಆದ್ರೆ ಒಂದ್ ಮಾತು. ಮುಡಿಪಿನ ವಿಷ್ಯದಲ್ಲಿ ಅವರು ನಿನ್ನ ಅನ್ನೋ ಹಂಗೇ ಇಲ್ಲ. ಹನ್ನೆರಡು ವರ್ಷದಿಂದ ಅವರ ಹರಕೇನೇ ಹಂಗೇ ಬಿದ್ದೈತೆ."

"ನಡ್ಕೊಂಡು ಹೋಗೋ ಹರಕೆಯಾ?"

"ಹೂಂ. ಬಾವಿ ವ್ಯಾಜ್ಯದ್ದು."

ಬಚ್ಚಮ್ಮ ಕುಳಿತು ಊದಿದ ಅಂಗಾಲನ್ನು ಒತ್ತಿಕೊಂಡಳು. ಮುಖದ ಮೇಲೆ ಏನೋ ಬಂದು ಹೋಯಿತು. ಸೀನಪ್ಪ ಅದನ್ನು ನೋವು ಎಂದುಕೊಂಡ.

"ಹೇಳಿ ಕಳಿಸಪ್ಪ," ಎಂದಳು. "ನಿನ್ ಕೆಲಸ ನೀನು ಮಾಡು. ಒಂದೂ ಬಿಡದಂಗೆ ಹೇಳು. ಮುಡಿಪು ಬಚ್ಚಮ್ಮನ ತಲೆ ಮೇಲೇ ಐತೆ, ಕೇಳಿದ್ರೆ ತೋರಿಸ್ತಾಳಂತೆ ಅನ್ನು."

ಶ್ರೀನಿವಾಸಪುರದ ಬಸ್ಸಿನ ಕಂಡಕ್ಟರು ಸುದ್ದಿ ಒಯ್ದ.

ಶನಿವಾರದ ದಾರಿಯನ್ನು ಬಚ್ಚಮ್ಮ ಹಿಮ್ಮಡಿಯ ಮೇಲೆ ನಡೆದಳು. ಅಂಗಾಲು ಊರಲಾಗುತ್ತಿರಲಿಲ್ಲ. ರಾತ್ರಿ ಕೋಲಾರದಲ್ಲಿ ಎಷ್ಟು ಕೆದಕಿದರೂ ಮುರಿದ ಮುಳ್ಳು ಬಂದಿರಲಿಲ್ಲ; ಈಗ ಕೂತರೆ ಏಳಲಾರೆನೆಂಬ ಭಯ. ನೀಲಗಿರಿ ತೋಪುಗಳ ನೆರಳು ಉದ್ದವಾಗತೊಡಗಿತು. ಸೀನಪ್ಪ ಈಗ ಸೈಕಲ್ ಹತ್ತದೆ ತಳ್ಳಿಕೊಂಡು, ಸೂರ್ಯನನ್ನೂ ಆಕೆಯ ಕಾಲನ್ನೂ ಸರದಿಯಂತೆ ನೋಡುತ್ತಿದ್ದ. ಆಕೆ ಒಮ್ಮೆ ಜೋಲಿ ಹೊಡೆದು ಹಿಂದಕ್ಕೆ ವಾಲಿದಾಗ, ಬೆನ್ನಿಗೆ ಕೈ ಕೊಡಲು ಹೋಗಿ ತಡೆದುಕೊಂಡ. ಸಾಕ್ಷಿಯವನು ಮುಟ್ಟಬಾರದಲ್ಲ. ಬಚ್ಚಮ್ಮ ಹಲ್ಲು ಕಚ್ಚಿ ಮುಂದಕ್ಕೇ ಬಾಗಿ ನಿಂತಳು.

ಮಾಲೂರಿನ ಗಡಿಯಾಚೆ ಇಟ್ಟಿಗೆ ಗೂಡುಗಳ ಹೊಗೆ ಕಂಡಾಗ ಸೂರ್ಯ ಆ ಹೊಗೆಯೊಳಗೇ ಇಳಿಯುತ್ತಿದ್ದ. ಮೇಷ್ಟ್ರ ಮನೆಯ ಮುಂದೆ ಜನ ಸೇರಿತ್ತು. ಅಂಬಾಸಿಡರ್ ಕಾರು ನಿಂತಿತ್ತು. ಆಕೆ ಚಪ್ಪರದೊಳಗೆ ಕಾಲಿಟ್ಟಾಗ ಗೋಡೆಯ ತುದಿಯಲ್ಲಿ ಇನ್ನೂ ಒಂದು ಗೇಣು ಬಿಸಿಲಿತ್ತು. ಮೇಷ್ಟ್ರು ಕಣ್ಣೊರೆಸಿಕೊಂಡರು. ಶ್ಯಾಮಲಮ್ಮ ಆರತಿ ತಟ್ಟೆ ಎತ್ತಿದರು.

"ನಿಲ್ಲಿ," ಎಂದರು ಕೋದಂಡರಾಮಪ್ಪ. "ಆರತಿ ಆಮೇಲೆ. ಬಚ್ಚಮ್ಮ, ನಿನ್ ತಲೆ ಮೇಲಿರೋದೇನು?"

"ಮುಡಿಪು ಸಾವ್ಕಾರ್ರೇ."

"ಯಾರದ್ದು?"

"ತಿಮ್ಮಪ್ಪಂದು."

ಶ್ಯಾಮಲಮ್ಮನ ಕೈಯ ತಟ್ಟೆ ಮೆಲ್ಲನೆ ಇಳಿಯಿತು. ಮುಂದೆ ನಿಂತಿದ್ದ ಹೆಂಗಸರು ಒಂದು ಹೆಜ್ಜೆ ದೂರ ಸರಿದರು.

"ಕೇಳಿದ್ರಾ ಎಲ್ಲರೂ," ಎಂದರು ಕೋದಂಡರಾಮಪ್ಪ. "ಮಕ್ಕಳಿಗೆ ಅಂತ ಹೊರಟು ದೇವರ ಮುಡಿಪು ಇಸ್ಕೊಂಡಿದ್ದಾಳೆ. ಇದು ಮಕ್ಕಳ ನಡಿಗೆ ಅಲ್ಲ, ತಿರುಪತಿ ನಡಿಗೆ. ನಾನು ಮಾತು ಕೊಟ್ಟಿದ್ದು ಇದಕ್ಕಲ್ಲ. ಇಲ್ಲ, ತಿರುಪತೀಗಲ್ಲ ಅಂದ್ರೆ ಇವಳು ಕಳ್ಳಿ. ಎರಡರಲ್ಲಿ ಯಾವುದು ಅಂತ ಇವಳೇ ಹೇಳ್ಲಿ."

ಬಚ್ಚಮ್ಮ ಒಂಟಿಕಾಲಲ್ಲಿ ನಿಂತು ಉಸಿರು ಹಿಡಿಯುತ್ತಿದ್ದಳು.

"ಬಾಯಿಲ್ವಾ? ಎಷ್ಟು ಗಂಟು ಇಸ್ಕೊಂಡಿದ್ದೀಯ, ಜನ ನೋಡ್ಲಿ. ಕೊಡಿಲ್ಲಿ."

ಕೋದಂಡರಾಮಪ್ಪ ಎರಡೂ ಕೈ ಚಾಚಿದರು. ಬಚ್ಚಮ್ಮ ತಲೆಯ ಮೇಲಿನ ಗಂಟನ್ನು ಇಳಿಸಿ, ಎರಡೂ ಕಣ್ಣಿಗೆ ಒತ್ತಿಕೊಂಡು, ಆ ಎರಡು ಕೈಗಳ ನಡುವೆ ಇಟ್ಟಳು. ಇಟ್ಟು ತನ್ನ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ನಾನು ತಿರುಪತಿಗೆ ಹೊರಟೋಳಲ್ಲ ಸಾವ್ಕಾರ್ರೇ. ಕಳ್ಳೀನೂ ಅಲ್ಲ. ನಡ್ಕೊಂಡು ಹೋಗೋ ಹರಕೆ ಇರೋರು ಯಾರಾದ್ರೂ ಸಿಗ್ತಾರಾ ಅಂತ ಮುಳಬಾಗಿಲಿಂದ ಹುಡುಕ್ಕೊಂಡು ಬಂದೆ. ಯಾರೂ ಸಿಗಲಿಲ್ಲ. ನೀವೇ ಕೈ ಚಾಚಿದ್ರಿ."

ಕೋದಂಡರಾಮಪ್ಪ ಗಂಟನ್ನು ನೋಡಿದರು. ಜನ ಅವರನ್ನು ನೋಡಿತು. ಬಾವಿ ವ್ಯಾಜ್ಯದ ಹರಕೆ ನೆನಪಾದದ್ದು ಶ್ರೀನಿವಾಸಪುರದಿಂದ ಬಂದಿದ್ದ ಮಂಡಿಯವರಿಗೆ. ಹಿಂದಿನಿಂದ ಒಬ್ಬ ಮೆಲ್ಲಗೆ "ಗೋವಿಂದ" ಎಂದ. ಇನ್ನೊಬ್ಬ "ಗೋವಿಂದಾ ಗೋವಿಂದ" ಎಂದ.

ಸಾವ್ಕಾರರು ಕಾರಿನ ಬಾನೆಟ್ಟಿನ ಕಡೆ ವಾಲಿದರು. "ಗಾಡಿ ಮೇಲೆ ಇಡೋ ಹಂಗಿಲ್ಲ ಸಾವ್ಕಾರ್ರೇ," ಎಂದ ಸೀನಪ್ಪ ವಿನಯದಿಂದ. ಅವರ ಕಣ್ಣು ಕಲ್ಲಿನ ಜಗಲಿಯ ಮೇಲೆ ಹೋಯಿತು. "ಕೆಳಗೂ ಇಡೋ ಹಂಗಿಲ್ಲ."

"ತಗೊಳ್ಳೋ ನೀನು."

ಸೀನಪ್ಪ ಎರಡೂ ಕೈಯಿಂದ ಸೈಕಲ್ಲಿನ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದುಕೊಂಡ. "ನಂಗೆ ಹರಕೆ ಇಲ್ಲವಲ್ಲ ಸಾವ್ಕಾರ್ರೇ."

ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಮುಡಿಪು ತಿರುಪತಿಗೆ ಹೊರಟಾಯ್ತು. ಅಂದ್ಮೇಲೆ ಬಚ್ಚಮ್ಮ ನಡೆದದ್ದು ಮಕ್ಕಳಿಗೇ ಅಂತಾಯ್ತಲ್ಲ ಕೋದಂಡರಾಮಪ್ಪನವರೇ. ಒಂದು ತೋಪು ಅಂದಿದ್ರಿ."

ದೇವರ ಗಂಟು ಕೈಯಲ್ಲಿ ಹಿಡಿದವನು ಸುಳ್ಳಾಡುವುದು ಹೇಗೆ? "ಕೊಟ್ಟೆ," ಎಂದರು ಕೋದಂಡರಾಮಪ್ಪ. ಮಂಡಿಯವರೂ ಒಬ್ಬೊಬ್ಬರಾಗಿ, "ನಾವೂ," ಎಂದರು. ಗೋಡೆಯ ತುದಿಯ ಬಿಸಿಲು ಅಷ್ಟೊತ್ತಿಗೆ ಆರಿತು. ಶ್ಯಾಮಲಮ್ಮ ಆರತಿ ತಟ್ಟೆಯನ್ನು ಮತ್ತೆ ಎತ್ತಿ, ಮೊದಲು ಬಚ್ಚಮ್ಮನಿಗೆ ಬೆಳಗಿ, ನಂತರ ಯೋಚಿಸಿ, ಸಾವ್ಕಾರರಿಗೂ ಒಂದು ಸುತ್ತು ಬೆಳಗಿದರು. ಬಿಳಿ ಜುಬ್ಬದಲ್ಲಿ ಹೊರಡುವುದು ಚೆನ್ನಾಗಿರುವುದಿಲ್ಲವೆಂದು ಅವರ ಉತ್ತರೀಯವನ್ನು ಒಳಗೆ ಒಯ್ದು ಅರಿಶಿನದ ನೀರಿಗೆ ಅದ್ದಿದರು.

ಮುಳ್ಳು ಕೀಳಿಸಿಕೊಂಡು, ಜೋಳಿಗೆಯ ಬಿಡಿ ಕಾಸನ್ನು ಸಮಿತಿಗೆ ಒಪ್ಪಿಸಿ, ಎರಡು ದಿನ ಮೇಷ್ಟ್ರ ಮನೆಯಲ್ಲಿದ್ದು, ಬಚ್ಚಮ್ಮ ಊರಿಗೆ ಹೊರಟಳು. ಅದೇ ಬೆಳಗ್ಗೆ ಕೋದಂಡರಾಮಪ್ಪನವರೂ ಹೊರಟರು. ಆ ಎರಡು ದಿನ ಗಂಟನ್ನು ನೆಲಕ್ಕಿಡದೆ ಅವರು ಹೇಗೆ ಉಂಡರು, ಹೇಗೆ ಮಲಗಿದರು ಎಂಬುದನ್ನು ಮಾಲೂರಿನವರು ಇಂದಿಗೂ ಅಭಿನಯಿಸಿ ತೋರಿಸುತ್ತಾರೆ. ಕೋಲಾರದ ತನಕ ಇಬ್ಬರದೂ ಒಂದೇ ದಾರಿ. ಮುಂದೆ ಬಚ್ಚಮ್ಮ, ಹೆಗಲಲ್ಲಿ ಖಾಲಿ ಜೋಳಿಗೆ. ಹಿಂದೆ ಹಳದಿ ಉತ್ತರೀಯದ ಸಾವ್ಕಾರರು, ತಲೆಯ ಮೇಲೆ ಗಂಟು. ಅವರ ಹಿಂದೆ ಸೈಕಲ್ಲಿನಲ್ಲಿ ಸೀನಪ್ಪ, ಕೊನೆಗೆ ಖಾಲಿ ಅಂಬಾಸಿಡರ್.

ಅರ್ಧ ದಾರಿಯಲ್ಲಿ ಸಾವ್ಕಾರರು ಏದುಸಿರು ಬಿಡುತ್ತ ಬಿಸಿಲನ್ನೂ, ಕಲ್ಲುಗಳನ್ನೂ, ಸರ್ಕಾರವನ್ನೂ, ಮೇಷ್ಟ್ರನ್ನೂ ಬೈಯತೊಡಗಿದರು. ಬಚ್ಚಮ್ಮ ತಿರುಗಿ ನೋಡಲಿಲ್ಲ. ಆದರೆ ನಡೆಯುವಾಗ ಮಾತಾಡಬಾರದೆಂಬ ತನ್ನ ಕಟ್ಟಳೆಯನ್ನು ಅಂದು ಒಮ್ಮೆ ಮುರಿದಳು.

"ಬಾಯಿ ಮುಚ್ಕೊಂಡು ನಡೀರಿ ಸಾವ್ಕಾರ್ರೇ," ಎಂದಳು. "ಉಸಿರು ಉಳಿಯುತ್ತೆ. ಬೆಟ್ಟ ಹತ್ತೋದು ಇನ್ನೂ ಮುಂದೈತೆ."